ಊರಿನ ಕೊಳಚೆ ನೀರನ್ನ ಮಣ್ಣಿಗೇ ಬಿಟ್ಟು ಶುದ್ಧ ಮಾಡೋದು ಸರೀನಾ?

ಪರ

ಮಣ್ಣು ಅಂದ್ರೆ ಬರೀ ಜರಡಿ ಅನ್ಕೊಂಡಿರ್ತಾರೆ ಸುಮಾರು ಜನ. ಸೋಸೋದು ಅದರ ಚಿಕ್ಕ ಕೆಲಸ. ಗಸಿ ಮೊದಲೇ ಹೊಂಡದಲ್ಲಿ ತಳ ಸೇರಿರತ್ತೆ, ಮಿಕ್ಕ ನೀರು ಹೊಲಕ್ಕೆ ಹರಿದಾಗ ಮೇಲ್ಮಣ್ಣಲ್ಲಿರೋ ಬ್ಯಾಕ್ಟೀರಿಯಾ ಕೊಳೆಯನ್ನ ತಿಂದು ಮುಗಿಸ್ತವೆ, ರಂಜಕ ಮಣ್ಣಲ್ಲಿರೋ ಕಬ್ಬಿಣ, ಅಲ್ಯೂಮಿನಿಯಂಗೆ ಅಂಟ್ಕೊಳತ್ತೆ, ಸಾರಜನಕವನ್ನ ಬೆಳೆ ಎಳ್ಕೊಳತ್ತೆ. ಆದ್ರೆ ಬಿಟ್ಟು ಬಿಟ್ಟು ಹಾಯಿಸ್ಬೇಕು, ಮಧ್ಯೆ ಮಣ್ಣು ಒಣಗಿ ಗಾಳಿ ಆಡ್ಬೇಕು, ಇಲ್ಲಾಂದ್ರೆ ಉಸಿರುಕಟ್ಟಿ ಗಬ್ಬು ನಾರತ್ತೆ.

ಎಸ್‌ಟಿಪಿಯಲ್ಲಿ, ಅಂದ್ರೆ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ, ಇದೇ ಕೆಲಸಾನ ಬ್ಲೋವರ್ (ನೀರಿಗೆ ಗಾಳಿ ಊದೋ ಯಂತ್ರ) ಓಡಿಸಿ ಮಾಡ್ತೀವಿ. ತಮಾಷೆ ನೋಡಿ, ನೀರಲ್ಲಿರೋ ಸಾರಜನಕವನ್ನ ಗಾಳಿಗೆ ಕಳಿಸೋಕೆ ಅಲ್ಲಿ ಕರೆಂಟು ಸುಡ್ತೀವಿ, ಆಮೇಲೆ ಅದೇ ಗಾಳಿಯಿಂದ ಅದನ್ನ ಹಿಡಿದು ಯೂರಿಯಾ ಮಾಡೋಕೆ ಇನ್ನೊಂದು ಕಡೆ ಗ್ಯಾಸು ಸುಡ್ತೀವಿ!

ಇದೇನು ಹೊಸಾ ಪ್ರಯೋಗ ಅಲ್ಲ. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರ 1890ರ ದಶಕದಿಂದ ಹತ್ತಿರದ ವೆರಿಬೀಯ ಹುಲ್ಲುಗಾವಲಿಗೆ ಕೊಳಚೆ ಹಾಯಿಸಿ ದನ ಕುರಿ ಮೇಯಿಸ್ತು, ನೂರು ವರ್ಷ. ಅಮೆರಿಕದ ಮಸ್ಕೀಗನ್‌ನಲ್ಲಿ ಚಳಿಗಾಲಕ್ಕೆ ನೆಲ ಹೆಪ್ಪುಗಟ್ಟತ್ತೆ, ಆದ್ರೂ 1970ರ ದಶಕದಿಂದ ನೀರನ್ನ ದೊಡ್ಡ ಹೊಂಡದಲ್ಲಿ ಕೂಡಿಟ್ಟು ಬೆಚ್ಚಗಾದ ಮೇಲೆ ಮೆಕ್ಕೆಜೋಳಕ್ಕೆ ಬಿಡ್ತಾ ಬಂದಿದ್ದಾರೆ.

ವಿರೋಧ

ಮೆಲ್ಬರ್ನ್ ಹೆಸರು ಹೇಳೋರು ಕಥೇನ ಅರ್ಧಕ್ಕೇ ನಿಲ್ಲಿಸ್ತಾರೆ. ವೆರಿಬೀಲಿ ಹೊಲಕ್ಕೆ ಹಸಿ ಕೊಳಚೆ ಬಿಡೋದನ್ನ 2000ದ ದಶಕದಲ್ಲೇ ಕೈಬಿಟ್ರು, ಪಕ್ಕದ ಸಮುದ್ರದ ಕೊಲ್ಲಿಗೆ ಸೇರ್ತಿದ್ದ ಸಾರಜನಕ ತಗ್ಗಿಸ್ಬೇಕಿತ್ತು, ಈಗ ಅಲ್ಲಿ ಹೊಂಡಗಳೇ ಆ ಕೆಲಸ ಮಾಡ್ತಿರೋದು. ಬರ್ಲಿನ್ ಕೂಡ 1870ರ ದಶಕದಲ್ಲೇ ಶುರು ಮಾಡಿತ್ತು. ಕಾರ್ಖಾನೆ ನೀರೂ ಅದರ ಜೊತೆ ಬಂತಲ್ಲ, ಹೊಲ ಮುಚ್ಚಿದ ಮೇಲೂ ಕ್ಯಾಡ್ಮಿಯಂ, ಸೀಸ ಮಣ್ಣಲ್ಲೇ ಕೂತಿದೆ. ಬ್ಯಾಕ್ಟೀರಿಯಾ ಅದನ್ನ ತಿನ್ನಲ್ಲ ಸ್ವಾಮಿ.

ಜಾಗದ ಲೆಕ್ಕ ಹಾಕಿ. ದಿನಕ್ಕೆ 10 ಲಕ್ಷ ಲೀಟರ್ ಅಂದ್ರೆ ಸಣ್ಣ ಊರಿನ ನೀರು, ವರ್ಷಕ್ಕೆ 2 ಮೀಟರ್ ಎತ್ತರದಷ್ಟು ಹಾಯಿಸಿದ್ರೂ 45 ಎಕರೆ ಬೇಕು, ಹೊಂಡ, ದಾರಿ ಎಲ್ಲಾ ಬೇರೆ. ಮಹಾನಗರಕ್ಕೆ? ಮಳೆಗಾಲದಲ್ಲಿ ಹೊಲಕ್ಕೆ ನೀರೇ ಬೇಡ, ಆದ್ರೆ ಊರು ಫ್ಲಶ್ ಮಾಡೋದು ನಿಲ್ಸಲ್ಲ.

ಉಪ್ಪಿಂದು ಯಾರೂ ಮಾತಾಡಲ್ಲ. ಸೋಪು ಡಿಟರ್ಜೆಂಟಿನ ಸೋಡಿಯಂ ವರ್ಷ ವರ್ಷ ಸೇರ್ತಾ ಹೋದ್ರೆ ಜೇಡಿಮಣ್ಣು ಬಿಗಿದು ನೀರೇ ಇಂಗಲ್ಲ, ಆಗ ಶುದ್ಧೀಕರಣನೂ ಇಲ್ಲ ಬೆಳೆನೂ ಇಲ್ಲ. ಇನ್ನು ಮೆಕ್ಸಿಕೋದ ಮೆಸ್ಕಿತಾಲ್ ಕಣಿವೇಲಿ ರಾಜಧಾನಿಯ ಹಸಿ ಕೊಳಚೆಯಲ್ಲೇ ದಶಕಗಟ್ಟಲೆ ಬೇಸಾಯ ಆಯ್ತು, ಬೆಳೆ ಚೆನ್ನಾಗೇ ಬಂತು, ಜೊತೆಗೆ ಹೊಲದವರ ಮಕ್ಕಳ ಹೊಟ್ಟೇಲಿ ಜಂತುಹುಳನೂ ಬಂತು. ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) 1989ರಲ್ಲೇ ಹಸಿಯಾಗಿ ತಿನ್ನೋ ತರಕಾರಿಗೆ ಹಾಯಿಸೋದಾದ್ರೆ ಲೀಟರಿಗೆ ಒಂದಕ್ಕಿಂತ ಹೆಚ್ಚು ಹುಳದ ಮೊಟ್ಟೆ ಇರಬಾರ್ದು ಅಂದಿತ್ತು. ಹೊಂಡದಲ್ಲಿ ವಾರಗಟ್ಟಲೆ ನೀರು ನಿಲ್ಲಿಸಿದ್ರೆ ಮೊಟ್ಟೆ ತಳ ಸೇರತ್ತೆ ನಿಜ, ಆದ್ರೆ ಬೇಸಿಗೇಲಿ ನೀರಿಗೆ ಪರದಾಡೋ ರೈತ ಅಷ್ಟು ದಿನ ಕಾಯ್ತಾನಾ?

ಬೆಳೆ ಇಲ್ಲದ ತಿಂಗಳಲ್ಲಿ ಸಾರಜನಕ ನೈಟ್ರೇಟಾಗಿ ಸೀದಾ ಅಂತರ್ಜಲಕ್ಕೆ ಇಳಿಯತ್ತೆ. ಪಕ್ಕದ ಬೋರ್‌ವೆಲ್‌ನಲ್ಲಿ ಅದು ಲೀಟರಿಗೆ 50 ಮಿಲಿಗ್ರಾಂ (ಕುಡಿಯೋ ನೀರಿಗೆ ಡಬ್ಲ್ಯುಎಚ್‌ಒ ಮಿತಿ) ದಾಟಿದ ದಿನ ಯಾವ ವಾಲ್ವ್ ಬಂದ್ ಮಾಡೋದು, ನೀರನ್ನ ಎಲ್ಲಿಗೆ ತಿರುಗಿಸೋದು ಅಂತ ಪ್ಲಾನಲ್ಲಿ ಮೊದಲೇ ಬರ್ದಿರ್ಬೇಕು. ಬರ್ದಿಲ್ಲ ಅಂದ್ರೆ ನನ್ನ ಓಟು ಬ್ಲೋವರ್‌ಗೇ.