ಡ್ಯಾಶ್‌ಬೋರ್ಡ್ ತಟ್ಟಿ ನೋಡಿ ಕಾರಿನ ಬೆಲೆ ಕಟ್ಟಬೇಡಿ

ಸ್ಪೋರ್ಟ್ಸ್ ಕಾರಿನ ಮಾತು ಶುರುವಾದರೆ ನಮ್ಮ ಗೆಳೆಯರಲ್ಲಿ ಕೂಡಲೇ ಎರಡು ಪಕ್ಷ ಆಗಿಬಿಡುತ್ತದೆ. ಒಂದು ಪಕ್ಷದವರು ಬಾಗಿಲು ತೆಗೆದು ಕೂತವರೇ ಬೆರಳ ಗೆಣ್ಣಿನಿಂದ ಡ್ಯಾಶ್‌ಬೋರ್ಡ್ ತಟ್ಟುತ್ತಾರೆ. ಟಕ್ ಟಕ್ ಅಂತ ಸದ್ದು ಬಂದರೆ ಮುಗೀತು, "ಇಷ್ಟು ದುಡ್ಡು ಕೊಟ್ಟು ಈ ಪ್ಲಾಸ್ಟಿಕ್ಕಾ?" ಇನ್ನೊಂದು ಪಕ್ಷದವರು "ಎಂಜಿನ್ ನೋಡ್ರೀ, ಒಳಗೆ ಹೆಂಗಿದ್ರೇನು" ಅನ್ನುತ್ತಾರೆ. ನನಗೆ ಇಬ್ಬರ ಮಾತೂ ಒಪ್ಪಿಗೆಯಿಲ್ಲ. ನಾನು ಪುಣೆ ಹತ್ತಿರದ ಚಾಕಣದಲ್ಲಿ ಕಾರಿನ ಒಳಭಾಗಗಳನ್ನು ಮಾಡುವ ಕಾರ್ಖಾನೆಯಲ್ಲಿದ್ದೇನೆ. ಬಾಗಿಲಿನ ಒಳಹೊದಿಕೆ ಅಂದರೆ ಡೋರ್ ಟ್ರಿಮ್, ಎರಡು ಸೀಟಿನ ನಡುವಿನ ಕನ್ಸೋಲ್, ಎಸಿ ಗಾಳಿ ಬರುವ ವೆಂಟು, ದಿನವಿಡೀ ಇದೇ ಕೆಲಸ. ಅದಕ್ಕೇ ಇವತ್ತು ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ಆ ಟಕ್ ಟಕ್ ಬಗ್ಗೆ. ಗಟ್ಟಿ ಪ್ಲಾಸ್ಟಿಕ್ ಅಂದರೆ ಹೆಚ್ಚಾಗಿ ಪಾಲಿಪ್ರೊಪಿಲೀನ್. ಕರಗಿಸಿ ಅಚ್ಚಿಗೆ ಒತ್ತಿದರೆ ಒಂದೇ ಏಟಿಗೆ ಭಾಗ ಈಚೆ ಬರುತ್ತದೆ. ಮೆತ್ತನೆಯ ಡ್ಯಾಶ್‌ಬೋರ್ಡಿನ ಕಥೆಯೇ ಬೇರೆ. ಕಾದ ಅಚ್ಚಿಗೆ ಪುಡಿ ಸುರಿದು ತೆಳ್ಳನೆ ಸಿಪ್ಪೆ ಮಾಡಬೇಕು, ಅದರ ಹಿಂದೆ ಫೋಮ್ ತುಂಬಬೇಕು, ಅದರ ಅಡಿಗೆ ಮತ್ತೆ ಗಟ್ಟಿ ಚೌಕಟ್ಟು ಬೇಕು. ಏರ್‌ಬ್ಯಾಗ್ ಇರುವ ಕಡೆ ಸಿಪ್ಪೆ ಸರಿಯಾದ ಜಾಗದಲ್ಲೇ ಹರಿಯಲಿ ಅಂತ ಹಿಂಬದಿಯಿಂದ ಲೇಸರ್‌ನಲ್ಲಿ ಗೀರಬೇಕು. ಖರ್ಚು ಜಾಸ್ತಿ, ತೂಕವೂ ಜಾಸ್ತಿ. ವರ್ಷಕ್ಕೆ ಲಕ್ಷಗಟ್ಟಲೆ ಕಾರು ಮಾಡುವ ಕಂಪನಿಗೆ ಅಚ್ಚಿನ ಖರ್ಚು ಹಂಚಿಹೋಗುತ್ತದೆ. ಕೆಲವೇ ಸಾವಿರ ಕಾರು ಮಾಡುವವರಿಗೆ ಅದು ದೊಡ್ಡ ಹೊರೆ. ಆಸ್ಟನ್ ಮಾರ್ಟಿನ್ ಡಿಬಿ7 ಕಾರಿನಲ್ಲಿ ಫೋರ್ಡ್, ಮಾಜ್ದಾ ಬಿಡಿಭಾಗಗಳು ಸೇರಿಕೊಂಡದ್ದು, ಲಂಬೋರ್ಗಿನಿ ಗಲಾರ್ಡೊ ಒಳಗೆ ಆಡಿ ಸ್ವಿಚ್ಚುಗಳು ಕಾಣುವುದು ಇದೇ ಕಾರಣಕ್ಕೆ. ನನ್ನ ಪ್ರಕಾರ ಅದರಲ್ಲಿ ಅವಮಾನ ಏನೂ ಇಲ್ಲ. ದೊಡ್ಡ ಕಂಪನಿ ಸಾವಿರಾರು ಸಲ ಒತ್ತಿ ಪರೀಕ್ಷೆ ಮಾಡಿದ ಸ್ವಿಚ್ಚು, ಸಣ್ಣ ಕಂಪನಿ ತಾನೇ ಮಾಡಿಕೊಂಡ ಸ್ವಿಚ್ಚಿಗಿಂತ ಎಷ್ಟೋ ವಾಸಿ.

ನಮ್ಮ ದೇಶದಲ್ಲಿ ಈ ಜಗಳಕ್ಕೆ ಇನ್ನೊಂದು ಕಾರಣ ಇದೆ. ಅದನ್ನು ಯಾರೂ ಸರಿಯಾಗಿ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಪೂರ್ತಿ ತಯಾರಾಗಿ ಹಡಗಿನಲ್ಲಿ ಬರುವ ದುಬಾರಿ ಕಾರಿಗೆ ಬಹಳ ವರ್ಷಗಳಿಂದ ಆಮದು ಸುಂಕವೇ ಕಾರಿನ ಬೆಲೆಗಿಂತ ಜಾಸ್ತಿ. ಅದರ ಮೇಲೆ ಇಲ್ಲಿನ ತೆರಿಗೆ, ಆಮೇಲೆ ರಾಜ್ಯದ ರಸ್ತೆ ತೆರಿಗೆ, ವಿಮೆ. 2016ರಲ್ಲಿ ಫೋರ್ಡ್ ಮಸ್ಟಾಂಗ್ ಇಲ್ಲಿಗೆ ಬಂದಾಗ ಬೆಲೆ 65 ಲಕ್ಷ. ಅಮೆರಿಕದಲ್ಲಿ ಆಗ ಎಂಟು ಸಿಲಿಂಡರಿನ ವಿ8 ಎಂಜಿನ್ನಿನ ಮಸ್ಟಾಂಗ್ ಶುರುವಾಗುತ್ತಿದ್ದದ್ದು 33 ಸಾವಿರ ಡಾಲರ್ ಆಸುಪಾಸಿಗೆ, ಅಂದಿನ ಲೆಕ್ಕದಲ್ಲಿ ಸುಮಾರು 22 ಲಕ್ಷ. ಇಲ್ಲಿಗೆ ತಂದದ್ದು ಸವಲತ್ತು ಹೆಚ್ಚಿದ್ದ ಮಾಡೆಲ್, ನಿಜ. ಆದರೂ ಅಲ್ಲಿ ಮಧ್ಯಮ ವರ್ಗದವನು ಕಂತಿನಲ್ಲಿ ಕೊಳ್ಳುವ ಕಾರು ಅದು. ಅದರ ಪ್ಲಾಸ್ಟಿಕ್ಕೂ ಆ ಬೆಲೆಗೆ ತಕ್ಕ ಹಾಗೇ ಇತ್ತು. ನಾವು 65 ಲಕ್ಷದ ಜರ್ಮನ್ ಸೆಡಾನ್ ಪಕ್ಕದಲ್ಲಿ ನಿಲ್ಲಿಸಿ "ಒಳಗೆ ಏನೂ ಇಲ್ಲ" ಅಂದುಬಿಟ್ಟೆವು. ಅದೇ ವರ್ಷದ ಕೊನೆಗೆ ಬಂದ ನಿಸಾನ್ ಜಿಟಿ-ಆರ್ ಬೆಲೆ 1.99 ಕೋಟಿ. ಅದಕ್ಕೂ ಇದೇ ಮಾತು ಕೇಳಿಬಂತು. ಸರ್ಕಾರಕ್ಕೆ ಕಟ್ಟಿದ ದುಡ್ಡಿಗೆ ಕಾರಿನೊಳಗೆ ಚರ್ಮ ಹುಡುಕಿದರೆ ಎಲ್ಲಿಂದ ಸಿಗಬೇಕು?

ಮುಂಬೈಯ ಮುಲುಂಡಿನಲ್ಲಿರುವ ನಮ್ಮ ಭಾವ ಇದಕ್ಕೆ ಕೊಡುವ ಉತ್ತರದಲ್ಲಿ ತೂಕ ಇದೆ. "ದುಡ್ಡು ಎಲ್ಲಿಗೇ ಹೋಗಲಿ, ಹೋದದ್ದು ನನ್ನ ಜೇಬಿಂದ ತಾನೇ? ಎಕ್ಸ್‌ಪ್ರೆಸ್‌ವೇಯಲ್ಲೇ 100ರ ಮೇಲೆ ಹೋಗೋ ಹಾಗಿಲ್ಲ. ಉಳಿದ ದಿನ ಅಂಧೇರಿ ಸಿಗ್ನಲ್ಲಿನಲ್ಲಿ ಕೂತಿರ್ತೀನಿ. ನನ್ನ ಕಣ್ಣಿಗೆ ಕಾಣೋದು ಡ್ಯಾಶ್‌ಬೋರ್ಡೇ ಅಲ್ವಾ? ಅದು ಚೆನ್ನಾಗಿರಬಾರದಾ?" ಅಂತಾರೆ. ಖಂಡಿತ ಚೆನ್ನಾಗಿರಬೇಕು. ಆದರೆ ಭಾವ, ಎರಡು ಗಂಟೆ ಟ್ರಾಫಿಕ್ಕಿನಲ್ಲಿ ಕೂತರೆ ಡ್ಯಾಶ್‌ಬೋರ್ಡಿನ ಹೊಲಿಗೆ ನಿಮ್ಮ ಸೊಂಟ ಕಾಯುವುದಿಲ್ಲ. ಸೀಟು ಕಾಯಬೇಕು. ಏಪ್ರಿಲ್ ಬಿಸಿಲಿಗೆ ಎಸಿ ತಾಳಬೇಕು. ಪಕ್ಕಕ್ಕೆ ನುಗ್ಗುವ ಬೈಕು ಕನ್ನಡಿಯಲ್ಲಿ ಕಾಣಬೇಕು. ಒಳಾಂಗಣದ ಗುಣಮಟ್ಟ ಅಂದರೆ ನನಗೆ ಮೊದಲು ಇವು. ಕೈ, ಕಾಲು, ಬೆನ್ನು ಮುಟ್ಟುವ ಜಾಗಕ್ಕೆ ದುಡ್ಡು ಹಾಕಿ, ವರ್ಷಕ್ಕೊಮ್ಮೆಯೂ ಮುಟ್ಟದ ಜಾಗ ಗಟ್ಟಿ ಪ್ಲಾಸ್ಟಿಕ್ಕಿನದಾದರೂ ನನ್ನ ತಕರಾರಿಲ್ಲ.

ಫೆರಾರಿ ಎಫ್40 ನೋಡಿ. 1987ರ ಕಾರು. ಒಳಗೆ ಕಾರ್ಪೆಟ್ ಇಲ್ಲ, ರೇಡಿಯೊ ಇಲ್ಲ. ಒಳಗಿನಿಂದ ಬಾಗಿಲು ತೆಗೆಯಲು ಹಿಡಿಕೆ ಇಲ್ಲ, ಒಂದು ದಾರ ಎಳೆಯಬೇಕು. ಪ್ಯಾನೆಲ್ ಕೂಡುವ ಕಡೆ ಅಂಟು ಮೆತ್ತಿದ್ದು ಬರಿಗಣ್ಣಿಗೇ ಕಾಣುತ್ತದೆ. ನಮ್ಮ ಲೈನಿನಲ್ಲಿ ಅಂಥ ಭಾಗ ಬಂದರೆ ಇನ್‌ಸ್ಪೆಕ್ಷನ್ನಿನವರು ಕೆಂಪು ಸ್ಟಿಕರ್ ಹಚ್ಚಿ ಪಕ್ಕಕ್ಕೆ ಎಸೆಯುತ್ತಾರೆ. ಆದರೆ ಇವತ್ತು ಹರಾಜಿನಲ್ಲಿ ಆ ಕಾರಿಗೆ 20 ಲಕ್ಷ ಡಾಲರಿಗಿಂತ ಜಾಸ್ತಿ ಕೊಟ್ಟವರಿದ್ದಾರೆ. 1996ರ ಲೋಟಸ್ ಎಲಿಸ್‌ನಲ್ಲಿ ಅಲ್ಯುಮಿನಿಯಂ ಚಾಸಿಯನ್ನು (ಕಾರಿನ ಮೂಲ ಚೌಕಟ್ಟನ್ನು) ಮುಚ್ಚಿಡುವ ಗೋಜಿಗೇ ಹೋಗಲಿಲ್ಲ. ಪಕ್ಕದಲ್ಲಿ ಬರೀ ಲೋಹ. ಕಾರಿನ ತೂಕ ಸುಮಾರು 725 ಕಿಲೋ, ನಮ್ಮ ಮಾರುತಿ ಆಲ್ಟೊ ಆಸುಪಾಸು! ಮಾಜ್ದಾ ಎಂಎಕ್ಸ್-5 ನನಗೆ ಇನ್ನೂ ಇಷ್ಟ. ಈಗಿನ ಮಾಡೆಲ್‌ನಲ್ಲಿ ಬಾಗಿಲಿನ ಒಳಗಡೆ ಮೇಲಂಚಿಗೆ ಕಾರಿನ ಹೊರಗಿನ ಬಣ್ಣವನ್ನೇ ಹೊಡೆದಿದ್ದಾರೆ. ಅದು ಗಟ್ಟಿ ಪ್ಲಾಸ್ಟಿಕ್ಕೇ. ಆದರೆ ಬಾನೆಟ್ಟಿನ ಕೆಂಪು ಹಾಗೇ ಹರಿದು ನಿಮ್ಮ ಮೊಣಕೈ ತನಕ ಬಂದ ಹಾಗೆ ಕಾಣುತ್ತದೆ. ಕಡಿಮೆ ಖರ್ಚಿನಲ್ಲಿ ಇಷ್ಟು ಚೆಂದದ ಕೆಲಸ ಮಾಡಿದವರಿಗೆ ನಾನು ಕೈಮುಗಿಯುತ್ತೇನೆ.

ಹಾಗಂತ "ಇದು ಓಡಿಸುವವರ ಕಾರು" ಅಂತ ಹೇಳಿ ಏನು ಬೇಕಾದರೂ ಅಂಟಿಸಿ ಕಳಿಸುವುದನ್ನು ನಾನು ಒಪ್ಪುವುದಿಲ್ಲ. ಪೋರ್ಷೆಯ 911 ಕಾರಿನ 996 ಅನ್ನುವ ಪೀಳಿಗೆ ಇದಕ್ಕೆ ಒಳ್ಳೆ ಉದಾಹರಣೆ. 90ರ ದಶಕದ ಶುರುವಿನಲ್ಲಿ ಕಂಪನಿ ಮುಳುಗುವ ಸ್ಥಿತಿಯಲ್ಲಿತ್ತು. ಟೊಯೋಟಾದಲ್ಲಿ ಪಳಗಿದ ಜಪಾನಿ ಸಲಹೆಗಾರರನ್ನು ಕರೆಸಿ ಕಾರ್ಖಾನೆ ನಡೆಸುವ ರೀತಿಯನ್ನೇ ಬದಲಿಸಿದರು. 1997ರಲ್ಲಿ ಬಂದ 996 ತನ್ನ ಮೂತಿಯನ್ನೂ ಒಳಾಂಗಣದ ಬಹುಪಾಲನ್ನೂ ಅಗ್ಗದ ಬಾಕ್ಸ್‌ಟರ್ ಜೊತೆ ಹಂಚಿಕೊಂಡಿತ್ತು. ಲೆಕ್ಕ ಸರಿಹೋಯಿತು, ಕಂಪನಿ ಉಳಿಯಿತು. ಆದರೆ ಒಳಗಿನ ಪ್ಲಾಸ್ಟಿಕ್ ಬಗ್ಗೆ ಜನ ಆಡಿದ ಮಾತು ಇವತ್ತಿಗೂ ನಿಂತಿಲ್ಲ. 2004ರಲ್ಲಿ ಬಂದ ಮುಂದಿನ ಪೀಳಿಗೆ 997ರಲ್ಲಿ ಒಳಗಡೆ ಎಲ್ಲ ಸುಧಾರಿಸಿದರು. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಬಹಳ ಕಾಲ ಅತಿ ಅಗ್ಗಕ್ಕೆ ಸಿಗುತ್ತಿದ್ದ 911 ಅಂದರೆ ಈ 996ವೇ. ಓಡಿಸಲು ಅದು ಸೊಗಸಾದ ಕಾರು. ಆದರೂ ಒಳಗಡೆ ಉಳಿಸಿದ ದುಡ್ಡಿಗೆ ಹೆಸರು ಕೆಟ್ಟಿತು.

ಈಗ ಅಸಲು ವಿಷಯ. ಕರಾವಳಿಯಲ್ಲಿ ಕಾರು ಇಟ್ಟವರು ಇದನ್ನು ಗಮನವಿಟ್ಟು ಓದಿ. ಶೋರೂಮಿನಲ್ಲಿ ಎಲ್ಲಕ್ಕಿಂತ ಹಿತ ಅನ್ನಿಸುವುದು ಸ್ವಿಚ್ಚುಗಳ ಮೇಲಿನ ಆ ಮೆತ್ತನೆ ರಬ್ಬರಿನಂಥ ಲೇಪ. ಗಟ್ಟಿ ಪ್ಲಾಸ್ಟಿಕ್ ಮೇಲೆ ಹೊಡೆದ ಪಾಲಿಯುರೆಥೇನ್ ಪೇಂಟ್ ಅದು. ಶಾಖ ಮತ್ತು ತೇವ ಎರಡೂ ಸೇರಿದರೆ ಅದರ ರಚನೆ ಮುರಿಯುತ್ತಾ ಹೋಗುತ್ತದೆ. 2000ದ ಆಸುಪಾಸಿನ ಫೆರಾರಿ 360ಯಂಥ ಕಾರುಗಳ ಸ್ವಿಚ್ಚು ಅಂಟಂಟಾಗುವುದು ಪ್ರಪಂಚಕ್ಕೇ ಗೊತ್ತಿರುವ ವಿಷಯ. ಮುಂಬೈಯಲ್ಲಿ ಪರಿಚಯದವರೊಬ್ಬರ ಹಳೆಯ ಕಾರಿನಲ್ಲಿ ಇದನ್ನು ಕಣ್ಣಾರೆ ಕಂಡೆ. ಕಿಟಕಿ ಸ್ವಿಚ್ಚು ಒತ್ತಿ ಬೆರಳು ಎತ್ತಿದರೆ ಕರೀ ನೂಲಿನ ಹಾಗೆ ಎಳೆ ಬರುತ್ತಿತ್ತು. ಸ್ವಿಚ್ಚಿನ ಮೇಲಿನ ಚಿತ್ರ ಅರ್ಧ ಅಳಿಸಿಹೋಗಿತ್ತು. ಮಾಲೀಕರು ಬೆರಳು ಒರೆಸಿಕೊಳ್ಳಲು ಸೀಟಿನ ಪಕ್ಕ ಬಟ್ಟೆ ಇಟ್ಟಿದ್ದರು. ಹೊಸದರಲ್ಲಿ ಅದೇ ಸ್ವಿಚ್ಚನ್ನು ಮುಟ್ಟಿ "ಆಹಾ, ಏನು ಕ್ವಾಲಿಟಿ" ಅಂದಿರುತ್ತಾರೆ. ಲೇಪವೇ ಇಲ್ಲದ ಗಟ್ಟಿ ಸ್ವಿಚ್ಚು ಆಗಿದ್ದರೆ ಇವತ್ತಿಗೂ ಹಾಗೇ ಇರುತ್ತಿತ್ತು. ಚರ್ಮದ ಸೀಟಿಗೆ ಜುಲೈನಲ್ಲಿ ಬೂಸು ಹಿಡಿಯುವುದು ಗೋವಾದವರಿಗೆ ನಾನು ಹೇಳಬೇಕಿಲ್ಲ. ಸ್ಟಿಯರಿಂಗಿಗೆ ಸುತ್ತಿದ ಅಲ್ಕಾಂಟಾರಾ ಬಟ್ಟೆ ಪಾಲಿಯೆಸ್ಟರ್ ಮತ್ತು ಪಾಲಿಯುರೆಥೇನ್ ಸೇರಿಸಿ ಮಾಡಿದ್ದು. ಬೆವರು ಕುಡಿದು ಕುಡಿದು ನಯವಾದ ರೋಮವೆಲ್ಲ ಮಲಗಿ ಜಿಡ್ಡು ಜಿಡ್ಡಾಗುತ್ತದೆ. ನಮ್ಮ ಹವೆಗೆ ಅದನ್ನು ತೊಳೆದು ಬ್ರಶ್ ಮಾಡುತ್ತಲೇ ಇರಬೇಕು. ಅದಕ್ಕೆ ಹೆಚ್ಚುವರಿ ದುಡ್ಡು ಕೊಡುವ ಮುಂಚೆ ಯೋಚನೆ ಮಾಡಿ.

ನನಗೆ ನಿಜಕ್ಕೂ ಸಿಟ್ಟು ಬರುವುದು ಸುಳ್ಳು ಸಾಮಾನಿಗೆ. ಪ್ಲಾಸ್ಟಿಕ್ಕಿನ ಮೇಲೆ ಅಚ್ಚಿನಲ್ಲೇ ಮೂಡಿಸಿದ ಹೊಲಿಗೆ, ಫಿಲ್ಮ್ ಅಂಟಿಸಿದ ಕಾರ್ಬನ್ ಫೈಬರ್, ಏನೂ ಇಲ್ಲದ ಕಡೆ ಸ್ಪೀಕರಿನ ಜಾಲರಿ. ಇದನ್ನೆಲ್ಲ ಮಾಡುವುದು ಕೊಳ್ಳುವವನ ಕಣ್ಣಿಗೆ ಮಣ್ಣೆರಚಲಿಕ್ಕೇ. ಪ್ಲಾಸ್ಟಿಕ್ ಪ್ಲಾಸ್ಟಿಕ್ಕಿನ ಹಾಗೇ ಇರಲಿ. ಮೇಲ್ಮೈಗೆ ಗ್ರೇನ್ ಅಂದರೆ ಸಣ್ಣ ತರಿ ಚೆನ್ನಾಗಿ ಕೊಟ್ಟು, ಅಂಚಿನ ಚೂಪು ತೆಗೆದು, ಎರಡು ಭಾಗ ಕೂಡುವ ಸಂದನ್ನು ಉದ್ದಕ್ಕೂ ಸಮ ಇಟ್ಟರೆ ಅದು ಎಷ್ಟು ಚೆಂದ ಕಾಣುತ್ತದೆ ಗೊತ್ತಾ! ಅದರ ಹಿಂದೆ ಅಚ್ಚು ತಯಾರಿಸುವ ಟೂಲ್ ರೂಮಿನವರ ತಿಂಗಳುಗಟ್ಟಲೆ ಕೆಲಸ ಇರುತ್ತದೆ. ಬ್ರೋಷರಿನಲ್ಲಿ ಅದಕ್ಕೆ ಒಂದು ಸಾಲೂ ಸಿಗುವುದಿಲ್ಲ.

ದೊಡ್ಡ ಪರದೆಯನ್ನೂ ಜನ ಈಗ ಗುಣಮಟ್ಟ ಅಂತ ಎಣಿಸುತ್ತಾರೆ. ಜಿಟಿ-ಆರ್ ಒಳಗೆ 2017ರ ಮಾಡೆಲ್‌ಗೆ ನ್ಯಾವಿಗೇಶನ್, ಆಡಿಯೊ ಬಟನ್ನುಗಳನ್ನು 27ರಿಂದ 11ಕ್ಕೆ ಇಳಿಸಿದರು. ಅದು ಸರಿಯಾದ ಕೆಲಸ, ಗಲೀಜು ಕಡಿಮೆಯಾಯಿತು. ಆದರೆ 2024ರಲ್ಲಿ ಪೋರ್ಷೆ 911ರ ನಡುವಿನ ಮುಳ್ಳಿನ ಟ್ಯಾಕೊಮೀಟರ್ (ಎಂಜಿನ್ ತಿರುಗುವ ವೇಗ ತೋರಿಸುವ ಮೀಟರು) ತೆಗೆದು ಪರದೆ ಹಾಕಿದ್ದು, ತಿರುಗಿಸಿ ಸ್ಟಾರ್ಟ್ ಮಾಡುವುದನ್ನು ಬಿಟ್ಟು ಬಟನ್ ತಂದದ್ದು ನನಗೆ ಸಂಕಟ ಆಯಿತು. ಮುಳ್ಳು ಹತ್ತಾರು ವರ್ಷ ಬದುಕುತ್ತದೆ. ಪರದೆ ಹಾಳಾದರೆ ಇಪ್ಪತ್ತು ವರ್ಷದ ಮೇಲೆ ಬಿಡಿಭಾಗ ಯಾರು ಕೊಡುತ್ತಾರೆ?

ಹಾಗಾಗಿ ಕಾರು ನೋಡಲು ಹೋದಾಗ ತಟ್ಟುವುದು ಬಿಡಿ. ಮೊದಲು ಸೀಟಿನಲ್ಲಿ ಅರ್ಧ ಗಂಟೆ ಸುಮ್ನೆ ಕೂತಿರಿ. ಕ್ಲಚ್ ಒತ್ತುವಾಗ ಮಂಡಿ ಸ್ಟಿಯರಿಂಗಿಗೆ ತಾಗುತ್ತದಾ ನೋಡಿ. ಎಸಿ ವೆಂಟನ್ನು ಅತ್ತಿತ್ತ ಹತ್ತು ಸಲ ತಿರುಗಿಸಿ, ಬಿಗಿ ಒಂದೇ ಸಮ ಇದೆಯಾ ಅಂತ. ಕನ್ಸೋಲನ್ನು ಮಂಡಿಯಿಂದ ಒತ್ತಿ, ಕಿರ್ ಅಂತದಾ ಕೇಳಿ. ಹಳೆಯ ಕಾರಾದರೆ ಕಿಟಕಿ ಸ್ವಿಚ್ಚಿಗೆ ಬಿಳಿ ಬಟ್ಟೆ ಒರೆಸಿ. ಕಪ್ಪು ಹತ್ತಿದರೆ ಬೆಲೆ ಇಳಿಸಲು ಹೇಳಿ. ಮುಂಬೈ, ಗೋವಾದಲ್ಲಿ ಐದಾರು ಮಳೆಗಾಲ ಕಂಡ ಕಾರು ಇಟ್ಟುಕೊಂಡವರು ನಿಮ್ಮ ಸ್ವಿಚ್ಚು, ಸೀಟು, ಸ್ಟಿಯರಿಂಗಿನ ಫೋಟೋ ಹಾಕಿ. ಯಾವ ಸಾಮಾನು ತಡೆದುಕೊಂಡಿದೆ, ಯಾವುದು ಕೈಕೊಟ್ಟಿದೆ ಅಂತ ನೋಡುವ ಆಸೆ ನನಗೆ.