ರಬ್ಬರ್ ಬಿಟ್ಟ ಕ್ಯಾಮೆರಾ ಮತ್ತು ಹತ್ತು ರೂಪಾಯಿಯ ಗಮ್ಮು

ಹೋದ ಡಿಸೆಂಬರಿನಲ್ಲಿ ನಮ್ಮ ಕಾಸರಗೋಡಿನ ನೀರ್ಚಾಲಿನ ಹತ್ತಿರ ಒಂದು ಯಕ್ಷಗಾನ ಬಯಲಾಟ ಇತ್ತು. ನಾನು ಯಾವಾಗಿನ ಹಾಗೆ ಆಟ ಶುರುವಾಗುವ ಮೊದಲೇ ಹೋಗಿ ಚೌಕಿಯ, ಅಂದರೆ ವೇಷ ಕಟ್ಟುವ ಜಾಗದ, ಮೂಲೆಯಲ್ಲಿ ಕೂತಿದ್ದೆ. ಬಣ್ಣದ ವೇಷದವರು ಕನ್ನಡಿ ಮುಂದೆ ಮುಖಕ್ಕೆ ಚಿಟ್ಟಿ ಇಡುತ್ತಿದ್ದರು. ಅಕ್ಕಿ ಹಿಟ್ಟಿನ ಆ ಸಣ್ಣ ಸಣ್ಣ ಮುಳ್ಳುಗಳು ಕೆನ್ನೆಯ ಮೇಲೆ ಒಂದೊಂದಾಗಿ ಏಳುವುದನ್ನು ಹತ್ತಿರದಿಂದ ತೆಗೆಯಬೇಕು ಅಂತ ಬಗ್ಗಿದೆ ನೋಡಿ, ಬಲಗೈ ಹಿಡಿತ ಜಾರಿತು. ಗ್ರಿಪ್ಪಿನ ರಬ್ಬರ್ ಬೆರಳ ಜೊತೆ ಬಂತು, ಕ್ಯಾಮೆರಾ ಕೆಳಗೆ ಹೋಯಿತು. ಪುಣ್ಯಕ್ಕೆ ಬೆಲ್ಟು ಕುತ್ತಿಗೆಯಲ್ಲಿತ್ತು. ಅವರು ತಲೆ ತಿರುಗಿಸಲಿಲ್ಲ, ಕನ್ನಡಿಯಲ್ಲೇ ನನ್ನನ್ನು ನೋಡಿ ಹೇಳಿದರು, "ಎಂತ ಮಾರಾಯ್ರೇ, ನಾವು ವೇಷ ಕಟ್ಟುವಾಗ ನಿಮ್ಮ ಕ್ಯಾಮೆರಾ ವೇಷ ಕಳಚ್ತಾ ಉಂಟಲ್ಲ!" ಚೌಕಿ ಇಡೀ ನಕ್ಕಿತು. ನಾನೂ ನಕ್ಕೆ, ಬೇರೆ ಎಂತ ಮಾಡುವುದು?

ಕ್ಯಾಮೆರಾ ಹಳೇದು. 2010ರಲ್ಲಿ ತಗೊಂಡ 12 ಮೆಗಾಪಿಕ್ಸೆಲ್ ಡಿಎಸ್‌ಎಲ್‌ಆರ್. ಯಾವ ಕಂಪನಿ ಅಂತ ಕೇಳಬೇಡಿ, ಈ ಕಾಯಿಲೆಗೆ ಕಂಪನಿ ಭೇದ ಇಲ್ಲ. ನನ್ನದರಲ್ಲಿ ಮೊದಲು ಎದ್ದದ್ದು ಹೆಬ್ಬೆರಳು ಕೂರುವ ಜಾಗದ ತುಂಡು, ಕಾರ್ಡ್ ಹಾಕುವ ಮುಚ್ಚಳದ ಪಕ್ಕದ್ದು. ಆಮೇಲೆ ಮುಂದಿನ ಗ್ರಿಪ್ಪು. ಎದ್ದರೆ ಎದ್ದಿತು, ಒತ್ತಿ ಅಂಟಿಸಿದರಾಯಿತು ಅಂದುಕೊಂಡರೆ ಅದೂ ಇಲ್ಲ, ಯಾಕೆಂದರೆ ಅಷ್ಟರಲ್ಲಿ ರಬ್ಬರ್ ಬೆಳೆದಿರುತ್ತದೆ! ಮಳೆಗಾಲದಲ್ಲಿ ಉಬ್ಬಿದ ಮರದ ಬಾಗಿಲಿನ ಹಾಗೆ. ಈ ಕಡೆ ಒತ್ತಿದರೆ ಆ ಕಡೆ ಏಳುತ್ತದೆ.

ನಮಗೆ ಕಾಸರಗೋಡಿನವರಿಗೆ ಕ್ಯಾಮೆರಾ ಕೆಟ್ಟರೂ ಮೈ ಕೆಟ್ಟರೂ ಮಂಗಳೂರೇ ಗತಿ. (ಅದರ ಬಿಸಿ ಸರಿಯಾಗಿ ಗೊತ್ತಾದದ್ದು 2020ರಲ್ಲಿ ಕೊರೊನಾ ಅಂತ ಕರ್ನಾಟಕದವರು ತಲಪಾಡಿ ಗಡಿ ಮುಚ್ಚಿದಾಗ. ಆ ಕಥೆ ಈಗ ಬೇಡ.) ಬಸ್ಸಿನಲ್ಲಿ ಹೋದೆ. ಅಂಗಡಿಯವರು ಕ್ಯಾಮೆರಾವನ್ನು ಎರಡೇ ಬೆರಳಲ್ಲಿ ಎತ್ತಿ, ಸತ್ತ ಜಿರಳೆ ನೋಡುವ ಹಾಗೆ ನೋಡಿ, "ಪಾರ್ಟ್ ಬರುದಿಲ್ಲ ಸರ್. ಇದಕ್ಕೆ ಯಾಕೆ ಖರ್ಚು ಮಾಡ್ತೀರಿ? ಎಕ್ಸ್‌ಚೇಂಜಿಗೆ ಹಾಕಿ" ಅಂದರು. ಎಷ್ಟು ಕೊಡ್ತೀರಿ ಅಂದೆ. ಮೂರು ಸಾವಿರ. ಶಟರ್ 60 ಸಾವಿರ ಕ್ಲಿಕ್ ಕೂಡ ದಾಟಿಲ್ಲ, ಈ ದರ್ಜೆಯ ಕ್ಯಾಮೆರಾಗಳ ಶಟರ್ ಮಾಡುವುದೇ ಸುಮಾರು ಒಂದು ಲಕ್ಷ ಕ್ಲಿಕ್ಕಿನ ಲೆಕ್ಕದಲ್ಲಿ. ಸೆನ್ಸರ್ ಸರಿ ಇದೆ, ಫೋಕಸ್ ಸರಿ ಇದೆ. ಹಾಳಾದದ್ದು ಮೇಲಿನ ಅಂಗಿ ಮಾತ್ರ. ಅಂಗಿ ಹರಿಯಿತು ಅಂತ ಮನುಷ್ಯನನ್ನೇ ಗುಜರಿಗೆ ಹಾಕುತ್ತೀರಾ?

ನನ್ನ ತಕರಾರು ಇಲ್ಲೇ. ನಮ್ಮ ಮನೆಯಲ್ಲಿ ಅಡಿಕೆಗೆ ಮದ್ದು ಬಿಡುವ ಪಂಪು ಒಂದಿದೆ, ವಯಸ್ಸಿನಲ್ಲಿ ನನಗಿಂತ ದೊಡ್ಡದು. ಪ್ರತಿ ವರ್ಷ ಮೇ ಕೊನೆಗೆ, ಪತ್ತನಾಜೆಗೆ ಮೇಳದವರು ಆ ವರ್ಷದ ಆಟ ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತಿಗೆ, ಅಪ್ಪ ಜಗಲಿಯಲ್ಲಿ ಗೋಣಿ ಹಾಸಿ ಆ ಪಂಪನ್ನು ಬಿಚ್ಚುತ್ತಾರೆ. ಮೈಲುತುತ್ತು ಸುಣ್ಣ ಕುಡಿದು ಕುಡಿದು ಅದರ ಮೈಯೆಲ್ಲ ನೀಲಿ. ವಾಶರ್ ಹೋಗಿದ್ದರೆ ವಾಶರ್ ಹಾಕುತ್ತಾರೆ, ಪೈಪು ಸೀಳಿದ್ದರೆ ಆ ತುಂಡು ಕೊಯ್ದು ಬಿಸಾಡುತ್ತಾರೆ. ವಾಶರ್ ಹೋಯಿತು ಅಂತ ಪಂಪನ್ನೇ ಮಾರಿದವರನ್ನು ನಾನು ಬದಿಯಡ್ಕದಲ್ಲಿ ಒಬ್ಬರನ್ನೂ ಕಂಡಿಲ್ಲ. ಅದೇ ನಾವು ಕೈಗೊಂದು ಕ್ಯಾಮೆರಾ, ಫೋನು ಬಂದ ಕೂಡಲೇ ಅದರ ಒಳಗೆ ದೇವರಿದ್ದಾನೆ, ಮುಟ್ಟಬಾರದು ಅಂತ ಕೈಕಟ್ಟಿ ನಿಲ್ಲುತ್ತೇವೆ. ರಬ್ಬರ್ ಅಂಟಿಸುವುದಕ್ಕೆ ಕ್ಯಾಮೆರಾ ಬಿಚ್ಚಬೇಕಾಗಿಲ್ಲ ಮಾರಾಯ್ರೇ, ಒಂದು ಸ್ಕ್ರೂ ಕೂಡ ಮುಟ್ಟಬೇಕಾಗಿಲ್ಲ.

ಹಾಗಂತ ನಾನು ಶುರುವಿನಲ್ಲೇ ಬುದ್ಧಿವಂತ ಆಗಿದ್ದೆ ಅಂದುಕೊಳ್ಳಬೇಡಿ. ಡಿಸೆಂಬರಿಗಿಂತ ಮೊದಲು, ಜುಲೈಯ ಜಡಿಮಳೆಯಲ್ಲಿ, ಹೆಬ್ಬೆರಳಿನ ತುಂಡು ಎದ್ದಾಗ ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ಅಂಗಡಿಯಿಂದ ಹತ್ತು ರೂಪಾಯಿಯ ಹನಿ ಗಮ್ಮು ತಂದು ಎರಡು ಹನಿ ಹಾಕಿ ಒತ್ತಿದೆ. ಕ್ಷಣದಲ್ಲಿ ಕಚ್ಚಿತು. ಭಾರೀ ಖುಷಿಯಲ್ಲಿ ಕ್ಯಾಮೆರಾವನ್ನು ಚೀಲದೊಳಗೆ ಇಟ್ಟು ಜಿಪ್ ಎಳೆದೆ. ಮರುದಿನ ತೆಗೆದರೆ ಮುಚ್ಚಳದ ಸುತ್ತ ಬೂದಿ ಉದುರಿಸಿದ ಹಾಗೆ ಬಿಳಿ. ಹಿಂದಿನ ಸ್ಕ್ರೀನಿನ ಪ್ಲಾಸ್ಟಿಕ್ ಮೇಲೆ ಇನ್ನೂ ವಿಚಿತ್ರ, ನನ್ನದೇ ಹೆಬ್ಬೆರಳ ಗುರುತು, ಗೆರೆ ಗೆರೆಯಾಗಿ, ಬಿಳಿ ಬಣ್ಣದಲ್ಲಿ ಅಚ್ಚು ಹಾಕಿದ ಹಾಗೆ ಮೂಡಿದೆ!

ಆಮೇಲೆ ಗೊತ್ತಾಯಿತು, ಈ ಗಮ್ಮು ಗಟ್ಟಿಯಾಗುವುದೇ ಗಾಳಿಯ ತೇವ ಹಿಡಿದು. ಅದರ ಹಬೆ ಎದ್ದು ಸುತ್ತಮುತ್ತ ಬಿಳಿಯಾಗಿ ಕೂರುತ್ತದೆ, ಬೆರಳ ಜಿಡ್ಡು ಇರುವಲ್ಲಿ ಇನ್ನೂ ಜಾಸ್ತಿ. ಪೊಲೀಸರು ಕಳ್ಳರ ಬೆರಳಚ್ಚು ಎಬ್ಬಿಸುವುದಕ್ಕೂ ಇದೇ ಜಾತಿಯ ಗಮ್ಮಿನ ಹಬೆ ಬಳಸುತ್ತಾರಂತೆ. ಕಾಸರಗೋಡಿನ ಜುಲೈ ತಿಂಗಳು, ಮುಚ್ಚಿದ ಚೀಲ, ಜಿಡ್ಡು ಹೆಬ್ಬೆರಳು. ಪೊಲೀಸರಿಗೂ ಇಷ್ಟು ಒಳ್ಳೆಯ ವ್ಯವಸ್ಥೆ ಸಿಗಲಿಕ್ಕಿಲ್ಲ. ಅದು ಲೆನ್ಸಿನ ಗಾಜಿನ ಮೇಲೆ ಕೂರದೆ ಇದ್ದದ್ದು ನನ್ನ ಅಜ್ಜಿಯ ಪುಣ್ಯ. ಇಷ್ಟೆಲ್ಲ ಆಗಿ ತುಂಡು ನಿಂತಿತಾ? ಅದೂ ಇಲ್ಲ. ಒಣಗಿದ ಮೇಲೆ ಆ ಗಮ್ಮು ಗಾಜಿನ ಹಾಗೆ ಗಡಸು. ರಬ್ಬರ್ ಬಾಗುತ್ತದೆ, ಗಮ್ಮು ಬಾಗುವುದಿಲ್ಲ, ಮೂರು ವಾರಕ್ಕೆ ಚಟ್ ಅಂತ ಎದ್ದಿತು.

ಇನ್ನು, ರಬ್ಬರ್ ಬೆಳೆಯುವುದು ಯಾಕೆ? ನಮ್ಮ ಮನೆಯಲ್ಲಿ ತೆಂಗಿನೆಣ್ಣೆ ಬಾಟಲಿಯ ಕುತ್ತಿಗೆಗೆ ಅಮ್ಮ ಒಂದು ರಬ್ಬರ್ ಬ್ಯಾಂಡ್ ಹಾಕಿ ಇಡುತ್ತಾರೆ, ಜಾರದಿರಲಿ ಅಂತ. ತಿಂಗಳು ಬಿಟ್ಟು ನೋಡಿ. ದಪ್ಪ ಆಗಿ, ಉದ್ದ ಆಗಿ, ಅಂಟಂಟಾಗಿ ಕೆಳಗೆ ಬಿದ್ದಿರುತ್ತದೆ. ಕ್ಯಾಮೆರಾದ್ದು ನಮ್ಮ ತೋಟದ ಹಾಲಿನ ರಬ್ಬರ್ ಅಲ್ಲ, ಕಾರ್ಖಾನೆಯ ಕೃತಕ ಮಾಲು. ಆದರೂ ಜಿಡ್ಡು ಕುಡಿದು ಉಬ್ಬುವ ಬುದ್ಧಿ ಅದಕ್ಕೂ ಇದೆ. ಕೈಯ ಬೆವರು, ತಲೆಗೆ ಹಚ್ಚಿ ಒರೆಸದೇ ಬಿಟ್ಟ ತೆಂಗಿನೆಣ್ಣೆ, ಆಟ ನೋಡಲು ಹೋಗುವಾಗ ಬಳಿದುಕೊಳ್ಳುವ ಸೊಳ್ಳೆ ಕ್ರೀಮು. ಇಂಥ ಕೆಲವು ಕ್ರೀಮುಗಳಲ್ಲಿ ಡೀಟ್ ಅಂತ ಒಂದು ಮದ್ದು ಇರುತ್ತದೆ, ಕೆಲವು ಜಾತಿ ಪ್ಲಾಸ್ಟಿಕ್ಕನ್ನೇ ಕರಗಿಸುವಂಥದ್ದು. ನಾನು ಹದಿನೈದು ವರ್ಷ ಆ ಕೈಯಲ್ಲೇ ಹಿಡಿದವನು. ಕಂಪನಿಯವರು ಅಡಿಗೆ ಹಾಕಿದ ತೆಳ್ಳಗಿನ ಅಂಟು ಪಟ್ಟಿ ಎಷ್ಟು ದಿನ ತಡೆದೀತು ಪಾಪ.

ಜನವರಿಯಲ್ಲಿ ಒಂದು ಆದಿತ್ಯವಾರ ಕೂತೆ. ಮೊದಲು ಬ್ಯಾಟರಿ, ಕಾರ್ಡ್ ಹೊರಗೆ. ಹಳೇ ಎಟಿಎಂ ಕಾರ್ಡಿನ ಮೂಲೆಯಿಂದ ರಬ್ಬರನ್ನು ಮೆಲ್ಲ ಎಬ್ಬಿಸುತ್ತಾ ಬಂದೆ, ಹಲಸಿನ ಸೊಳೆ ಬಿಡಿಸುವ ಹಾಗೆ, ಎಳೆಯದೆ. ಎಳೆದರೆ ಇನ್ನೂ ಉದ್ದ ಆಗುತ್ತದೆ. ಅಡಿಯಲ್ಲಿ ಏನಿತ್ತು ಗೊತ್ತಾ? ಕಪ್ಪಾದ ಅಂಟು, ಅದರಲ್ಲಿ ಮುರಕಲ್ಲಿನ ಕೆಂಪು ಧೂಳು, ಒಂದು ಸತ್ತ ಇರುವೆ, ಮತ್ತೆ ಮೂರು ಸ್ಕ್ರೂ ತಲೆಗಳು. ಆ ಸ್ಕ್ರೂಗಳನ್ನು ನೋಡಿಯೇ ನನಗೆ ಬುದ್ಧಿ ಬಂದದ್ದು. ನಾಳೆ ಒಳಗೆ ಏನಾದರೂ ಕೆಟ್ಟರೆ ರಿಪೇರಿಯವನು ಇದೇ ದಾರಿಯಲ್ಲಿ ಹೋಗಬೇಕು. ಅಲ್ಲಿ ಹನಿ ಗಮ್ಮು ಸುರಿದಿದ್ದರೆ ಅವನ ಕಥೆ ಮುಗಿಯಿತು.

ಹಳೇ ಅಂಟನ್ನು ಹೆಬ್ಬೆರಳಲ್ಲಿ ಉಜ್ಜಿ ಉಜ್ಜಿ ಉಂಡೆ ಮಾಡಿ ತೆಗೆದೆ. ತಾಳ್ಮೆ ಬೇಕು, ನನಗೆ ಒಂದು ಗಂಟೆ ಹಿಡಿಯಿತು, ಮಧ್ಯೆ ಎರಡು ಚಾ. ಉಳಿದದ್ದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್, ಮೊಬೈಲ್ ರಿಪೇರಿಯವರು ಐಪಿಎ ಅನ್ನುತ್ತಾರಲ್ಲ, ಅದು. ಹತ್ತಿಗೆ ತಾಗಿಸಿ ಒರೆಸುವುದು, ಸುರಿಯುವುದಲ್ಲ. ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಹತ್ತಿರವೂ ತರಬೇಡಿ, ಪ್ಲಾಸ್ಟಿಕ್ ಮುಖ ಕೆಡುತ್ತದೆ. ಸೀಮೆಎಣ್ಣೆ ಪೆಟ್ರೋಲೂ ಬೇಡ, ಎಣ್ಣೆ ಕುಡಿದು ಉಬ್ಬಿದ ರಬ್ಬರಿಗೆ ಮತ್ತೆ ಎಣ್ಣೆ ಕುಡಿಸಿದ ಹಾಗೆ. ರಬ್ಬರ್ ತುಂಡನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಎರಡು ದಿನ ಫ್ಯಾನಿನ ಕೆಳಗೆ ಇಟ್ಟೆ. ಸ್ವಲ್ಪ ಕುಗ್ಗಿತು. ಪೂರ್ತಿ ಕುಗ್ಗಲಿಲ್ಲ, ಸುಳ್ಳು ಯಾಕೆ ಹೇಳಲಿ.

ಟೇಪಿಗೆ ಊರಿನ ಮೊಬೈಲ್ ಅಂಗಡಿಗೆ ಹೋದೆ. ನಾನು ಅಂಟು ಅಂದೆ, ಹುಡುಗನಿಗೆ ಗೊತ್ತಾಗಲಿಲ್ಲ. ಮಲಯಾಳದಲ್ಲಿ ಪಶ ಅಂದೆ, ಮೈದಾ ಪಶೆಯಾ ಅಂತ ನಕ್ಕ. ಗಮ್ಮು ಅಂದಾಗ ಸರಿಯಾಯಿತು. ನಮ್ಮ ಊರಿನ ಭಾಷಾ ಸಮಸ್ಯೆಯನ್ನು ಹೆಚ್ಚಾಗಿ ಹೀಗೆಯೇ ಇಂಗ್ಲಿಷಿನವರು ಬಂದು ಬಗೆಹರಿಸುತ್ತಾರೆ. ಆ ಹುಡುಗ ಬುದ್ಧಿವಂತ, ಕ್ಯಾಮೆರಾ ನೋಡಿದ ಕೂಡಲೇ "ಏಟ್ಟಾ, ಫೋಮ್ ಇದ್ದದ್ದು ಬೇಡ, ದಪ್ಪ ಆಗ್ತದೆ" ಅಂತ ಡಿಸ್‌ಪ್ಲೇಗೆ ಹಾಕುವ ತೆಳ್ಳಗಿನ ಡಬಲ್ ಸೈಡ್ ಟೇಪು ಕೊಟ್ಟ. ಜೊತೆಗೆ ಬಿ-7000 ಗಮ್ಮಿನ ಸಣ್ಣ ಟ್ಯೂಬು. ಫೋನಿನ ಗಾಜು ಅಂಟಿಸುವ ಗಮ್ಮು ಇದು, ಒಣಗಿದರೂ ರಬ್ಬರಿನ ಹಾಗೆ ಬಾಗುತ್ತದೆ, ಬೇಕಾದಾಗ ಎಬ್ಬಿಸಲೂ ಬರುತ್ತದೆ. ಎಲ್ಲ ಸೇರಿ ನೂರೈವತ್ತು ರೂಪಾಯಿ ದಾಟಲಿಲ್ಲ.

ದೊಡ್ಡ ಗ್ರಿಪ್ಪಿಗೆ ಪೂರ್ತಿ ಟೇಪು. ರಬ್ಬರಿನ ಹಿಂಬದಿಗೆ ಪಟ್ಟಿ ಪಕ್ಕ ಪಟ್ಟಿ ಹಾಕಿ, ಅಂಚಿಗೆ ಸರಿಯಾಗಿ ಬ್ಲೇಡಿನಲ್ಲಿ ಕೊಯ್ದೆ. ಅಂಟಿಸುವ ಮೊದಲು ಹಾಗೇ ಸುಮ್ನೆ ಕೂರಿಸಿ ನೋಡಿದರೆ ಕೆಳಗಿನ ಅಂಚಿನಲ್ಲಿ ಎರಡು ಮಿಲಿಮೀಟರ್ ಹೆಚ್ಚು. ಕೈ ನಡುಗುತ್ತಿತ್ತು, ಆದರೂ ಅರ್ಧ ಬ್ಲೇಡಿನಲ್ಲಿ ತಳದ ಕಡೆಯಿಂದ ಕೂದಲೆಳೆಯಷ್ಟೇ ಕೊಯ್ದು, ಇಟ್ಟು ನೋಡಿ, ಮತ್ತೆ ಕೊಯ್ದು, ಹೀಗೆ ನಾಲ್ಕು ಸಲ. ಬೆರಳು ತಾಗುವ ಅಂಚನ್ನು ಕೊಯ್ಯಬೇಡಿ, ಅಲ್ಲಿಂದಲೇ ಮತ್ತೆ ಏಳುತ್ತದೆ. ಹೇರ್ ಡ್ರೈಯರ್ ಸಣ್ಣ ಬಿಸಿಯಲ್ಲಿ ಸ್ವಲ್ಪ ತೋರಿಸಿದರೆ ರಬ್ಬರ್ ಮೆತ್ತಗಾಗಿ ಬಾಗಿದ ಜಾಗದಲ್ಲಿ ಸರಿ ಕೂರುತ್ತದೆ. ನಡುವಿನಿಂದ ಅಂಚಿಗೆ ಒತ್ತುತ್ತಾ ಬಂದು, ಅಮ್ಮನ ಮಂಡಿನೋವಿನ ಕ್ರೇಪ್ ಬ್ಯಾಂಡೇಜ್ ಸುತ್ತಿ ಇಟ್ಟೆ. ಅಪ್ಪ ಬಂದು ನೋಡಿ, "ಇದಕ್ಕೆಂತ ಕೈ ಮುರಿದದ್ದಾ?" ಅಂದರು.

ಹೆಬ್ಬೆರಳಿನ ತುಂಡು ಸಣ್ಣದು, ಟೇಪು ನಿಲ್ಲಲಿಲ್ಲ. ಅಲ್ಲಿ ಬಿ-7000 ಕಡ್ಡಿಯ ತುದಿಯಲ್ಲಿ ತೆಳ್ಳಗೆ ಸವರಿ, ಎರಡು ಮೂರು ನಿಮಿಷ ಕಾದು, ಎಳೆ ಎಳೆಯಾಗುವಾಗ ಒತ್ತಿದೆ. ಒಂದು ದಿನ ಪೂರ್ತಿ ಮುಟ್ಟಬಾರದು. ನಾನು ಎರಡು ದಿನ ಬಿಟ್ಟೆ, ಮೊದಲಿನ ಭಯ.

2022ರಲ್ಲಿ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರ ಇಲಾಖೆ ರಿಪೇರಿ ಮಾಡಿಸಿಕೊಳ್ಳುವ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು, ಅದೇ ವರ್ಷದ ಕೊನೆಗೆ ಒಂದು ಪೋರ್ಟಲನ್ನೂ ತೆರೆಯಿತು. ಶುರುವಿಗೆ ಆರಿಸಿದ್ದು ನಾಲ್ಕು ಕ್ಷೇತ್ರ, ಕೃಷಿ ಉಪಕರಣ, ಮೊಬೈಲ್-ಟ್ಯಾಬ್ಲೆಟ್, ಮನೆಬಳಕೆಯ ವಸ್ತುಗಳು, ವಾಹನ. ಅಂದರೆ ಅಪ್ಪನ ಪಂಪಿಗೆ ಮರ್ಯಾದೆ ಸಿಕ್ಕಿತು. ಒಳ್ಳೆಯದೇ. ನನಗೆ ಕಂಪನಿಗಳಿಂದ ಬೇಕಾದದ್ದು ದೊಡ್ಡದೇನೂ ಅಲ್ಲ. ಹದಿನೈದು ವರ್ಷ ಆದಮೇಲೂ ನಾಲ್ಕು ತುಂಡು ರಬ್ಬರ್ ಕವರಿನಲ್ಲಿ ಹಾಕಿ ಮಾರಿ, ದುಡ್ಡು ಕೊಡ್ತೇನೆ. ಈಗ ಆನ್‌ಲೈನಿನಲ್ಲಿ ಬೇರೆ ಯಾರೋ ಮಾಡಿದ ಸೆಟ್ಟುಗಳು ಸಿಗುತ್ತವೆ, ಅಂಟು ಹಾಕಿಯೇ ಬರುತ್ತವೆ. ನಾನು ಒಂದು ತರಿಸಿದ್ದೆ. ಒಂದು ಕೂದಲು ದಪ್ಪ ಜಾಸ್ತಿ, ಕಾರ್ಡಿನ ಮುಚ್ಚಳ ಸರಿ ಮುಚ್ಚುವುದಿಲ್ಲ. ಹಳೇದನ್ನೇ ಉಳಿಸಿಕೊಂಡದ್ದು ಒಳ್ಳೆಯದಾಯಿತು.

"ಮೊಬೈಲಿನಲ್ಲೇ ಒಳ್ಳೆ ಫೋಟೋ ಬರ್ತದಲ್ಲ ಭಾವ, ಇಷ್ಟು ಕಷ್ಟ ಯಾಕೆ?" ಅಂತ ನನ್ನ ತಂಗಿಯ ಗಂಡ ಕೇಳಿದ. ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಚೆಂಡೆ ಏರುವಾಗ, ಕಣ್ಣು ಅರ್ಧ ಮುಚ್ಚಿರುವಾಗಲೂ ನನ್ನ ಬೆರಳಿಗೆ ಯಾವ ಗುಂಡಿ ಎಲ್ಲಿದೆ ಅಂತ ಗೊತ್ತಿರುವುದು ಈ ಕ್ಯಾಮೆರಾದಲ್ಲಿ ಮಾತ್ರ. ಹೊಸದು ತಗೊಂಡರೆ ಅದನ್ನೆಲ್ಲ ಮತ್ತೆ ಒಂದರಿಂದ ಕಲಿಯಬೇಕು.

ಮೊನ್ನೆ ಮತ್ತೊಂದು ಆಟಕ್ಕೆ ಹೋಗಿದ್ದೆ, ರಾತ್ರಿ ಇಡೀ ಹಿಡಿದೆ, ರಬ್ಬರ್ ಅಲುಗಲಿಲ್ಲ. ಈಗ ಸೊಳ್ಳೆ ಕ್ರೀಮು ಎಡಗೈಯಲ್ಲೇ ಹಚ್ಚಿಕೊಳ್ಳುವುದು, ಆಮೇಲೆ ಕೈ ತೊಳೆಯುವುದು. ಉಳಿದ ಬಿ-7000 ಟ್ಯೂಬನ್ನು ಅಪ್ಪ ತಮ್ಮ ಚಪ್ಪಲಿಗೆ ಅಂತ ಎತ್ತಿಟ್ಟುಕೊಂಡಿದ್ದಾರೆ. ಈಗ ಲೆನ್ಸಿನ ಜೂಮ್ ರಿಂಗಿನ ರಬ್ಬರ್ ಶುರು ಮಾಡಿದೆ, ಸಡಿಲ ಬಳೆಯ ಹಾಗೆ ಸುತ್ತುತ್ತಿದೆ, ಜೂಮ್ ಮಾತ್ರ ತಿರುಗುವುದಿಲ್ಲ. 18-105 ಲೆನ್ಸಿನದ್ದು, ಒಳ್ಳೆಯ ರಿಂಗ್ ಯಾರ ಹತ್ತಿರವಾದರೂ ಬಿದ್ದಿದ್ದರೆ ಮೆಸೇಜ್ ಮಾಡಿ. ಕುಂಬಳೆ, ಬದಿಯಡ್ಕ, ಪೆರ್ಲದವರಾದರೆ ನಾನೇ ಬಂದು ತಗೊಳ್ತೇನೆ.