ಪೋರ್ಟ್ ಬದಲಿಸಿದ ಮಾತ್ರಕ್ಕೆ ಸರ್ವರ್ ಭದ್ರವಲ್ಲ: ಒಂದು ಸ್ಪಷ್ಟನೆ

ಮೈಸೂರಿನಲ್ಲಿ ಅಂಗಡಿ, ಹೋಂಸ್ಟೇಗಳ ವೆಬ್‌ಸೈಟ್ ನೋಡಿಕೊಳ್ಳುವವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: 'ಎಸ್‌ಎಸ್‌ಎಚ್ ಪೋರ್ಟನ್ನು 22ರಿಂದ 2222ಕ್ಕೆ ಬದಲಿಸಿ, ಹ್ಯಾಕರ್‌ಗಳಿಗೆ ಸರ್ವರ್ ಸಿಗುವುದೇ ಇಲ್ಲ.' (ಎಸ್‌ಎಸ್‌ಎಚ್ ಅಂದರೆ ದೂರದಿಂದಲೇ ಸರ್ವರ್‌ಗೆ ಲಾಗಿನ್ ಆಗುವ ದಾರಿ; ಪೋರ್ಟ್ ಅಂದರೆ ಸರ್ವರ್‌ನ ನಂಬರ್ ಹಾಕಿದ ಬಾಗಿಲು.)

ಇದು ತಪ್ಪು. ಇರುವುದೇ 65,535 ಪೋರ್ಟ್. ಅಷ್ಟನ್ನೂ ತಡಕಾಡಲು ಸ್ಕ್ಯಾನರ್‌ಗೆ (ತೆರೆದ ಪೋರ್ಟ್ ಹುಡುಕುವ ಪ್ರೋಗ್ರಾಂ) ಜಾಸ್ತಿ ಹೊತ್ತು ಬೇಕಿಲ್ಲ. ಬದಲಿಸಿದರೆ ಸರ್ವರ್‌ನ ದಾಖಲೆಯಾದ ಲಾಗ್‌ನಲ್ಲಿ 'ಫೇಲ್ಡ್ ಪಾಸ್‌ವರ್ಡ್' ಸಾಲುಗಳು ಕಡಿಮೆಯಾಗುತ್ತವೆ, ನಿಜ. ಆದರೆ ಸುಲಭದ ಪಾಸ್‌ವರ್ಡ್ ಇದ್ದರೆ ಅಪಾಯ ಹಾಗೇ ಇರುತ್ತದೆ, ಅಲ್ವಾ?

ನಿಜವಾಗಿ ಕಾಯುವುದು ಕೀ ಲಾಗಿನ್, ಅಂದರೆ ಪಾಸ್‌ವರ್ಡ್ ಬದಲು ನಿಮ್ಮ ಕಂಪ್ಯೂಟರ್‌ನಲ್ಲಿರುವ ಕೀ ಫೈಲ್‌ನಿಂದ ಲಾಗಿನ್ ಆಗುವುದು. ಕೀ ಹಾಕಿ, ಇನ್ನೊಂದು ವಿಂಡೋದಲ್ಲಿ ಲಾಗಿನ್ ಆಗುತ್ತದೆಯೇ ನೋಡಿ. ಆಮೇಲಷ್ಟೇ ಎಸ್‌ಎಸ್‌ಎಚ್‌ನ ಕಾನ್ಫಿಗ್ (ಸೆಟ್ಟಿಂಗ್) ಫೈಲ್‌ನಲ್ಲಿ ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ. ಅಲ್ಲಿಯವರೆಗೆ ಮೊದಲ ಸೆಷನ್ ಮುಚ್ಚಲೇಬೇಡಿ. ಎಡವಟ್ಟಾದರೆ ನೀವೇ ಹೊರಗುಳಿಯುತ್ತೀರಿ.

ಇನ್ನು ಗಿರಾಕಿಗಳ ಸೈಟ್‌ನಲ್ಲಿ ಅಪ್‌ಡೇಟ್ ಕಾಣದ ಹಳೇ ಪ್ಲಗಿನ್ ಇದ್ದರೆ, ಕಳ್ಳರು ಬರುವುದು ವೆಬ್‌ಸೈಟ್ ತೆರೆಯುವ ಪೋರ್ಟ್ 443ರಿಂದ. ಅದಕ್ಕೂ ಎಸ್‌ಎಸ್‌ಎಚ್ ಪೋರ್ಟ್‌ಗೂ ಸಂಬಂಧವೇ ಇಲ್ಲ.